ಹೆಸರೇ ಕೇಳಿರದವರು ಏಕೆ ಒತ್ತಬೇಕು? ಕನ್ನಡದ ಸಣ್ಣ ಗೇಮಿಂಗ್ ಚಾನೆಲ್ ಬೆಳೆಯುವ ಬಗೆ

ಬಿಜಿಎಂಐ (ಪಬ್‌ಜಿ ಮೊಬೈಲ್‌ನ ಭಾರತದ ರೂಪ) ಅಥವಾ ಮೈನ್‌ಕ್ರಾಫ್ಟ್ ಆಡುತ್ತಾ ಅರ್ಧ ಗಂಟೆ ರೆಕಾರ್ಡ್ ಮಾಡಿ, ‘ಕನ್ನಡ ಗೇಮ್‌ಪ್ಲೇ ಪಾರ್ಟ್ 1’ ಎಂದು ಹೆಸರಿಟ್ಟು ಯೂಟ್ಯೂಬಿಗೆ ಏರಿಸುವುದು: ಸಣ್ಣ ಚಾನೆಲ್‌ಗಳಲ್ಲಿ ಬಹುಪಾಲು ಶುರುವಾಗುವುದು ಹೀಗೆ. ಮೊದಲನೆಯದನ್ನು ಗೆಳೆಯರು, ಮನೆಯವರು ನೋಡುತ್ತಾರೆ. ಪಾರ್ಟ್ 6ರ ಹೊತ್ತಿಗೆ ವ್ಯೂಸ್ ಎರಡಂಕಿ ದಾಟುವುದಿಲ್ಲ. ಆಮೇಲೆ ‘ಚಾನೆಲ್ ಫ್ರೀಜ್ ಆಗಿದೆ’, ‘ಅಲ್ಗಾರಿದಂ ಸಣ್ಣವರನ್ನು ತುಳಿಯುತ್ತದೆ’ ಎಂಬ ಮಾತು ಹೊರಡುತ್ತದೆ.

ಫ್ರೀಜ್ ಎಂಬುದೇನೂ ಇಲ್ಲ. ಯೂಟ್ಯೂಬ್ ಲೆಕ್ಕ ಹಾಕುವುದು ನೋಡುಗರ ಕಡೆಯಿಂದ, ಚಾನೆಲ್ ಕಡೆಯಿಂದಲ್ಲ. ಒಬ್ಬರು ಆ್ಯಪ್ ತೆರೆದಾಗ ಅವರು ಹಿಂದೆ ಏನು ನೋಡಿದ್ದರು, ಯಾವುದನ್ನು ಅರ್ಧಕ್ಕೆ ಬಿಟ್ಟರು, ಅವರಂಥವರು ಈಗ ಏನು ನೋಡುತ್ತಿದ್ದಾರೆ ಎಂಬುದನ್ನು ತೂಗಿ ಮುಂದೆ ನಾಲ್ಕಾರು ವಿಡಿಯೊ ಇಡುತ್ತದೆ. ನಿಮ್ಮ ಚಾನೆಲ್‌ಗೆ ಇಂತಿಷ್ಟು ಎಂದು ಪಡಿತರ ಹಂಚುವುದಿಲ್ಲ. ಹಾಗಾಗಿ ಪ್ರತಿ ವಿಡಿಯೊಗೂ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನನ್ನ ಹೆಸರೇ ಕೇಳಿರದ ಕನ್ನಡಿಗರೊಬ್ಬರು ಇದನ್ನೇ ಏಕೆ ಒತ್ತಬೇಕು? ‘ಪಾರ್ಟ್ 6’ರ ಬಳಿ ಇದಕ್ಕೆ ಉತ್ತರವಿಲ್ಲ. ಅದು ಬೇಕಾಗುವುದು ಪಾರ್ಟ್ 5 ನೋಡಿದವರಿಗೆ ಮಾತ್ರ, ಅಂಥವರು ಇನ್ನೂ ಬೆರಳೆಣಿಕೆಯಷ್ಟೇ ಇದ್ದಾರೆ.

ಗುರಿಯ ಲೆಕ್ಕವನ್ನು ಮೊದಲೇ ಮುಗಿಸಿಬಿಡೋಣ. ಚಾನೆಲ್‌ನಿಂದ ಹಣ ಗಳಿಸಲು ಸೇರಬೇಕಾದ ಯೂಟ್ಯೂಬ್ ಪಾರ್ಟ್‌ನರ್ ಪ್ರೋಗ್ರಾಂನ ಮೊದಲ ಮೆಟ್ಟಿಲಿಗೆ 500 ಸಬ್‌ಸ್ಕ್ರೈಬರ್‌ಗಳು ಮತ್ತು ಕಳೆದ 90 ದಿನಗಳಲ್ಲಿ 3 ಸಾರ್ವಜನಿಕ ಅಪ್‌ಲೋಡ್ ಬೇಕು. ಅದರ ಜೊತೆಗೆ 365 ದಿನಗಳಲ್ಲಿ 3,000 ಗಂಟೆ ವೀಕ್ಷಣೆ ಅಥವಾ 90 ದಿನಗಳಲ್ಲಿ 30 ಲಕ್ಷ ಶಾರ್ಟ್ಸ್ ವ್ಯೂಸ್ ಆಗಿರಬೇಕು. ಇಲ್ಲಿ ನೋಡುಗರೇ ಹಣ ಕೊಡುವ ಮೆಂಬರ್‌ಶಿಪ್, ಸೂಪರ್ ಚಾಟ್ ತೆರೆದುಕೊಳ್ಳುತ್ತವೆ. ಜಾಹೀರಾತಿನ ಪಾಲು ಸಿಗಲು 1,000 ಸಬ್‌ಸ್ಕ್ರೈಬರ್‌ಗಳು, 4,000 ಗಂಟೆ ಅಥವಾ 1 ಕೋಟಿ ಶಾರ್ಟ್ಸ್ ವ್ಯೂಸ್. ನಾಲ್ಕು ಸಾವಿರ ಗಂಟೆ ಎಂದರೆ 2,40,000 ನಿಮಿಷ. ಪ್ರತಿ ವ್ಯೂಗೆ ಸರಾಸರಿ 4 ನಿಮಿಷ ನೋಡಿದರೆ 60,000 ವ್ಯೂಸ್ ಸಾಕು, 2 ನಿಮಿಷಕ್ಕೇ ಎದ್ದು ಹೋದರೆ 1,20,000 ಬೇಕು. ಜನ ಬರುವುದಷ್ಟೇ ಮುಖ್ಯವಾಗಿ ಕೂತು ನೋಡುವುದೂ ಮುಖ್ಯ ಎನ್ನುವುದು ಈ ಗುಣಾಕಾರದಲ್ಲೇ ಕಾಣುತ್ತದೆ. ‘ಹಳೆಯದು ಚೆನ್ನಾಗಿಲ್ಲ’ ಎಂದು ವಿಡಿಯೊ ಅಳಿಸಿದರೆ ಅಥವಾ ಪ್ರೈವೇಟ್ ಮಾಡಿದರೆ ಅದರ ಗಂಟೆಗಳೂ ಲೆಕ್ಕದಿಂದ ಹೋಗುತ್ತವೆ. ಶಾರ್ಟ್ಸ್ ಫೀಡಿನಲ್ಲಿ ನೋಡಿದ ಸಮಯ ಈ ಗಂಟೆಗಳಿಗೆ ಸೇರುವುದಿಲ್ಲ.

ವಿಷಯ ಆರಿಸುವುದೇ ಅರ್ಧ ಕೆಲಸ

ಹೊಸ ಚಾನೆಲ್‌ಗೆ ಅಪರಿಚಿತರು ಬರುವ ಮೊದಲ ಬಾಗಿಲು ಸರ್ಚ್. ಯಾರಿಗೋ ಏನೋ ಗೊತ್ತಾಗಬೇಕಿದೆ, ಹೇಳುವವರು ಯಾರಾದರೂ ಆದೀತು. ಉದಾಹರಣೆಗೆ ಮೈನ್‌ಕ್ರಾಫ್ಟಿನಲ್ಲಿ ಡೈಮಂಡ್ ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆ. 2021ರ ನವೆಂಬರ್ 30ರಂದು ಬಂದ 1.18 ಆವೃತ್ತಿ ಭೂಮಿಯ ಆಳವನ್ನೇ ಬದಲಿಸಿತು. ಮೊದಲು ವೈ (ಎತ್ತರ-ಆಳ ಹೇಳುವ ಸಂಖ್ಯೆ) 11ರ ಸುತ್ತ ಅಗೆಯುತ್ತಿದ್ದವರು ಈಗ ಮೈನಸ್ 59ರವರೆಗೆ ಇಳಿಯಬೇಕು. ಅದಕ್ಕೂ ಹಿಂದಿನ ಎಲ್ಲ ವಿಡಿಯೊಗಳ ಉತ್ತರ ಅಂದೇ ತಪ್ಪಾಯಿತು. ಫೋನಿನಲ್ಲಿ ಆಡುವವರಿಗೆ ಇನ್ನೊಂದು ತೊಡಕು: ಕಂಪ್ಯೂಟರಿನ ಜಾವಾ ಆವೃತ್ತಿಯಲ್ಲಿ ಎಫ್3 ಒತ್ತಿದರೆ ವೈ ಕಾಣುತ್ತದೆ, ಫೋನಿನಲ್ಲಿ ವರ್ಲ್ಡ್ ಸೆಟ್ಟಿಂಗ್ಸಿಗೆ ಹೋಗಿ ‘ಶೋ ಕೋಆರ್ಡಿನೇಟ್ಸ್’ ಆನ್ ಮಾಡಬೇಕು. ಈ ಎರಡನ್ನೂ ಕನ್ನಡದಲ್ಲಿ, ಆರು ನಿಮಿಷದಲ್ಲಿ, ತೋರಿಸಿ ಹೇಳುವ ವಿಡಿಯೊಗೆ ತಿಂಗಳುಗಟ್ಟಲೆ ಜನ ಬರುತ್ತಲೇ ಇರುತ್ತಾರೆ. ಒಂದು ರಾತ್ರಿಯಲ್ಲಿ ಮೇಲೇಳುವ ವಿಡಿಯೊ ಇದಲ್ಲ. ಆದರೆ ಚಾನೆಲ್‌ನ ಬುನಾದಿ ಇಂಥವೇ.

ಇಂಥ ವಿಷಯಗಳನ್ನು ಹುಡುಕಲು ದುಡ್ಡಿನ ಟೂಲ್ ಬೇಕಿಲ್ಲ. ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿಯಲ್ಲಿ, ಲಾಗಿನ್ ಆಗದೆ, ಯೂಟ್ಯೂಬ್ ತೆರೆದು ಗೇಮಿನ ಹೆಸರು ಮತ್ತು ‘ಕನ್ನಡ’ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಿ, ಏಕೆಂದರೆ ಹೆಚ್ಚಿನವರು ಹುಡುಕುವುದು ಹಾಗೆಯೇ. ಕೆಳಗೆ ತಾನಾಗಿ ಬರುವ ಸಲಹೆಗಳು ಜನ ನಿಜವಾಗಿ ಹುಡುಕಿದ ಸಾಲುಗಳು, ಅವನ್ನು ಬರೆದುಕೊಳ್ಳಿ. ಒಂದೊಂದನ್ನೂ ಹುಡುಕಿ ಮೊದಲ ಹತ್ತು ಫಲಿತಾಂಶ ನೋಡಿ. ಕನ್ನಡದ ಉತ್ತರವೇ ಇಲ್ಲದಿದ್ದರೆ, ಇದ್ದರೂ ಹಳೆಯ ಆವೃತ್ತಿಯದಾಗಿದ್ದರೆ, ಆ ವಿಷಯ ಖಾಲಿ ಇದೆ ಎಂದರ್ಥ. ಇನ್ನೊಂದು ಗುರುತು ಇದಕ್ಕಿಂತ ಬೆಲೆಬಾಳುವಂಥದ್ದು: 800 ಸಬ್‌ಸ್ಕ್ರೈಬರ್ ಇರುವ ಚಾನೆಲ್‌ನ ಒಂದೇ ವಿಡಿಯೊಗೆ 20,000 ವ್ಯೂಸ್ ಬಂದಿದ್ದರೆ, ಜನ ಬಂದದ್ದು ವಿಷಯಕ್ಕೆ, ಆ ಚಾನೆಲ್‌ನ ಹೆಸರಿಗಲ್ಲ. ಇಂಥ ಇಪ್ಪತ್ತು ವಿಷಯ ಕೈಯಲ್ಲಿರದೆ ರೆಕಾರ್ಡಿಂಗಿಗೆ ಕೂರುವುದು ವ್ಯರ್ಥ.

2011ರ ಜನಗಣತಿಯ ಪ್ರಕಾರ ಕನ್ನಡ ತಾಯ್ನುಡಿಯವರು 4.37 ಕೋಟಿ. ಹಿಂದಿಯ ಮುಂದೆ ಸಣ್ಣ ಸಂಖ್ಯೆ, ಆದರೆ ಸ್ಪರ್ಧೆ ಅದಕ್ಕಿಂತಲೂ ಸಣ್ಣದು. ಹಾಗೆಂದು ಕನ್ನಡ ಎಲ್ಲ ಕಡೆ ಒಂದೇ ಥರ ಕೈಹಿಡಿಯುವುದಿಲ್ಲ. ಬರೀ ಕೌಶಲ ತೋರಿಸುವ ಗೇಮ್‌ಪ್ಲೇಗೆ ಭಾಷೆಯೇ ಬೇಕಿಲ್ಲ, ಅಲ್ಲಿ ನಿಮ್ಮ ಎದುರಾಳಿ ಇಡೀ ಜಗತ್ತು. ಏನನ್ನಾದರೂ ವಿವರಿಸುವಾಗ, ತಮಾಷೆ ಮಾಡುವಾಗ, ಕಥೆಯಂತೆ ಹೇಳುವಾಗ ಮಾತ್ರ ಭಾಷೆ ಕೆಲಸಕ್ಕೆ ಬರುತ್ತದೆ. ಹುಬ್ಬಳ್ಳಿಯವರು ಹುಬ್ಬಳ್ಳಿಯ ಮಾತಿನಲ್ಲೇ, ಕುಂದಾಪುರದವರು ಅಲ್ಲಿಯದರಲ್ಲೇ ಆಡಿದರೆ ಅದೇ ಚಾನೆಲ್‌ನ ಗುರುತಾಗುತ್ತದೆ. ಹಿಂದಿ ಚಾನೆಲ್‌ಗಳ ಕೂಗಾಟವನ್ನು ಕನ್ನಡಕ್ಕೆ ಇಳಿಸುವುದರಲ್ಲಿ ಲಾಭವಿಲ್ಲ, ಮೂಲವೇ ಒಂದು ಬೆರಳಿನ ದೂರದಲ್ಲಿದೆ.

ಸರಣಿಯನ್ನು ಬಿಡಲೇಬೇಕೆಂದಿಲ್ಲ. ಪ್ರತಿ ಕಂತೂ ತಾನೇ ನಿಲ್ಲುವಂತಿರಲಿ. ‘ಸರ್ವೈವಲ್ ಪಾರ್ಟ್ 6’ರ ಜಾಗದಲ್ಲಿ ‘ಆರ್ಮರ್ ಇಲ್ಲದೆ ಎಂಡರ್ ಡ್ರ್ಯಾಗನ್ ಸೋಲಿಸಬಹುದಾ?’ ಎಂದರೆ ಹಿಂದಿನ ಐದನ್ನು ನೋಡದವರೂ ಒಳಗೆ ಬರಬಹುದು.

ಮೊದಲ ಇಪ್ಪತ್ತು-ಮೂವತ್ತು ವಿಡಿಯೊ ಒಂದೇ ಗೇಮಿನ ಸುತ್ತ ಇರಲಿ. ಬಿಜಿಎಂಐ ಸೆನ್ಸಿಟಿವಿಟಿ ಸೆಟ್ಟಿಂಗ್ ಹುಡುಕಿ ಬಂದವರ ಮುಂದೆ ಮರುದಿನ ಫಾರ್ಮಿಂಗ್ ಸಿಮ್ಯುಲೇಟರ್ ಇಟ್ಟರೆ ಅವರು ಒತ್ತುವುದಿಲ್ಲ. ಭಾರತದಲ್ಲಿ ಇದಕ್ಕೊಂದು ಅಪಾಯವೂ ಅಂಟಿಕೊಂಡಿದೆ. ಪಬ್‌ಜಿ ಮೊಬೈಲ್ 2020ರ ಸೆಪ್ಟೆಂಬರ್ 2ರಂದು ನಿಷೇಧವಾಯಿತು, ಫ್ರೀ ಫೈರ್ 2022ರ ಫೆಬ್ರುವರಿಯಲ್ಲಿ. ಬಿಜಿಎಂಐ 2022ರ ಜುಲೈ ಕೊನೆಗೆ ಆ್ಯಪ್ ಸ್ಟೋರ್‌ಗಳಿಂದ ಮಾಯವಾಗಿ 2023ರ ಮೇ ತಿಂಗಳಲ್ಲಿ ಮರಳಿತು. ಆ ಹತ್ತು ತಿಂಗಳು ಅದೊಂದನ್ನೇ ನಂಬಿದ ಚಾನೆಲ್‌ಗಳ ಪಾಡು ಊಹಿಸಿಕೊಳ್ಳಿ. ಚಾನೆಲ್ ಸ್ವಲ್ಪ ನಿಂತ ಮೇಲೆ ಅದೇ ಬಗೆಯ ಇನ್ನೊಂದು ಗೇಮನ್ನು ಐದಕ್ಕೊಂದು ವಿಡಿಯೊದಂತೆ ಪರಿಚಯಿಸುವುದು ಜಾಣತನ.

ಶೀರ್ಷಿಕೆ, ಥಂಬ್‌ನೇಲ್

ಶೀರ್ಷಿಕೆಗೆ 100 ಅಕ್ಷರಗಳ ಮಿತಿ ಇದ್ದರೂ ಫೋನಿನಲ್ಲಿ ಸುಮಾರು ಐವತ್ತು-ಅರವತ್ತಕ್ಕೆ ಕತ್ತರಿ ಬೀಳುತ್ತದೆ. ಮುಖ್ಯ ಮಾತು ಮುಂದಿರಲಿ, ಚಾನೆಲ್ ಹೆಸರು ಅಲ್ಲಿ ಬೇಡವೇ ಬೇಡ. ಗೇಮಿನ ಹೆಸರನ್ನು ಜನ ಟೈಪ್ ಮಾಡುವಂತೆ ಇಂಗ್ಲಿಷ್ ಅಕ್ಷರದಲ್ಲಿಟ್ಟು ಉಳಿದ ಮಾತನ್ನು ಕನ್ನಡ ಲಿಪಿಯಲ್ಲಿ ಬರೆದರೆ ಎರಡು ಥರ ಹುಡುಕುವವರಿಗೂ ಸಿಗುತ್ತದೆ. ವಿವರಣೆಯ ಮೊದಲ ಎರಡು ಸಾಲಿನಲ್ಲಿ ಅದನ್ನೇ ತುಸು ಬಿಡಿಸಿ ಹೇಳಿ. ಟ್ಯಾಗ್‌ಗಳಿಗೆ ಅರ್ಧ ಗಂಟೆ ಕಳೆಯಬೇಡಿ, ಅವುಗಳ ಪಾತ್ರ ತೀರಾ ಕಡಿಮೆ ಎಂದು ಯೂಟ್ಯೂಬೇ ಹೇಳುತ್ತದೆ. ಹ್ಯಾಷ್‌ಟ್ಯಾಗ್ 60 ದಾಟಿದರೆ ಎಲ್ಲವನ್ನೂ ಕಡೆಗಣಿಸುತ್ತದೆ.

ಥಂಬ್‌ನೇಲ್, ಅಂದರೆ ವಿಡಿಯೊದ ಮುಖಚಿತ್ರದ ಅಳತೆ 1280×720 ಪಿಕ್ಸೆಲ್. ಸ್ವಂತ ಥಂಬ್‌ನೇಲ್ ಹಾಕಲು ಫೋನ್ ನಂಬರ್ ದೃಢಪಡಿಸಿರಬೇಕು. ನೋಡುಗರಿಗೆ ಅದು ಕಾಣುವುದು ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾಗಿ ಅಷ್ಟೇ, ಆದ್ದರಿಂದ ಒಂದು ಮುಖ ಅಥವಾ ವಸ್ತು, ಮೂರು-ನಾಲ್ಕು ಪದ, ಇಷ್ಟೇ ಇರಲಿ. ಬಲಗಡೆ ಕೆಳಮೂಲೆಯಲ್ಲಿ ವಿಡಿಯೊದ ಅವಧಿ ಬಂದು ಕೂರುತ್ತದೆ, ಅಲ್ಲಿ ಅಕ್ಷರ ಇಡಬೇಡಿ. ಆಟದ ಸ್ಕ್ರೀನ್‌ಶಾಟನ್ನು ಬಟನ್, ಮ್ಯಾಪ್ ಸಮೇತ ಹಾಗೇ ಹಾಕಿದರೆ ಎಲ್ಲವೂ ಕಲಸಿ ಹೋಗುತ್ತದೆ. ಮೈನ್‌ಕ್ರಾಫ್ಟ್ ಜಾವಾದಲ್ಲಿ ಎಫ್1 ಒತ್ತಿದರೆ ಅವೆಲ್ಲ ಮರೆಯಾಗುತ್ತವೆ.

ಕನ್ನಡಕ್ಕೇ ಇರುವ ತೊಂದರೆ ಒತ್ತಕ್ಷರದ್ದು. ತೆಳು ಫಾಂಟಿನಲ್ಲಿ ಒತ್ತುಗಳು ಸಣ್ಣ ಪರದೆಯಲ್ಲಿ ಚುಕ್ಕೆಯಂತೆ ಕಾಣುತ್ತವೆ, ಸಾಲುಗಳು ಹತ್ತಿರವಿದ್ದರೆ ಕೆಳಗಿನ ಸಾಲಿನ ತಲೆಗೆ ಡಿಕ್ಕಿ ಹೊಡೆಯುತ್ತವೆ. ಬಾಲೂ ತಮ್ಮ 2 ಅಥವಾ ಅನೇಕ್ ಕನ್ನಡ ಫಾಂಟುಗಳ ದಪ್ಪ ರೂಪ ಉಚಿತವಾಗಿ ಸಿಗುತ್ತದೆ, ಸಾಲಿನ ಅಂತರವನ್ನು ಇಂಗ್ಲಿಷಿಗಿಂತ ಹೆಚ್ಚೇ ಕೊಡಿ. ಒತ್ತು ಕಡಿಮೆ ಇರುವ ಪದ ಆರಿಸುವುದೂ ಒಂದು ಉಪಾಯ. ಫೋಟೊಶಾಪಿನಲ್ಲಿ ಅಕ್ಷರ ಒಡೆದು ಬಂದರೆ ಟೈಪ್ ಸೆಟ್ಟಿಂಗಿನಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಆಯ್ಕೆ ಆನ್ ಆಗಿಲ್ಲ ಎಂದರ್ಥ. ಹಳೆಯ, ಯೂನಿಕೋಡ್ ಅಲ್ಲದ ನುಡಿ ಫಾಂಟನ್ನು ಫೋನಿನ ಆ್ಯಪಿಗೆ ಹಾಕಿಕೊಂಡರೆ ಕೀಬೋರ್ಡಿನಲ್ಲಿ ಟೈಪಿಸಿದ ಕನ್ನಡಕ್ಕೆ ಅದು ಅನ್ವಯವಾಗುವುದೇ ಇಲ್ಲ.

ತೋರಿಸಿದ ನೂರರಲ್ಲಿ ಎಷ್ಟು ಜನ ಒತ್ತಿದರು ಎಂಬ ಸಂಖ್ಯೆ ಯೂಟ್ಯೂಬ್ ಸ್ಟುಡಿಯೊದ (ಚಾನೆಲ್ ನಿರ್ವಹಿಸುವ ಪುಟ) ರೀಚ್ ವಿಭಾಗದಲ್ಲಿ ಸಿಗುತ್ತದೆ. ಅರ್ಧದಷ್ಟು ಚಾನೆಲ್ ಮತ್ತು ವಿಡಿಯೊಗಳಿಗೆ ಇದು ಶೇ 2ರಿಂದ 10ರ ನಡುವೆ ಇರುತ್ತದೆ ಎಂದು ಯೂಟ್ಯೂಬ್ ಹೇಳಿದೆ. ವಿಡಿಯೊ ಹೆಚ್ಚು ಜನರ ಮುಂದೆ ಹೋದಂತೆ ಈ ಸಂಖ್ಯೆ ಇಳಿಯುವುದು ಸಹಜ, ಅದನ್ನು ನೋಡಿ ಗಾಬರಿಯಾಗಿ ಥಂಬ್‌ನೇಲ್ ಬದಲಿಸುವವರೇ ಜಾಸ್ತಿ. ಒಂದೇ ವಿಡಿಯೊಗೆ ಮೂರು ಥಂಬ್‌ನೇಲ್ ಹೋಲಿಸುವ ‘ಟೆಸ್ಟ್ ಆ್ಯಂಡ್ ಕಂಪೇರ್’ ಸೌಲಭ್ಯ ಬಳಸಿ. ಅದು ಗೆಲುವನ್ನು ತೀರ್ಮಾನಿಸುವುದು ಕ್ಲಿಕ್ ಮೇಲಲ್ಲ, ನೋಡಿದ ಸಮಯದ ಮೇಲೆ. ಸುಳ್ಳು ಥಂಬ್‌ನೇಲ್ ಅಲ್ಲೇ ಸೋಲುತ್ತದೆ.

ಮೊದಲ ಮೂವತ್ತು ಸೆಕೆಂಡ್

‘ನಮಸ್ಕಾರ ಗೆಳೆಯರೇ, ಚಾನೆಲ್‌ಗೆ ಹೊಸಬರಾಗಿದ್ದರೆ ಬೆಲ್ ಐಕಾನ್ ಒತ್ತಿ...’ ಎಂದು ಶುರು ಮಾಡಿ, ಎಂಟು ಸೆಕೆಂಡ್ ಲೋಗೊ ಕುಣಿಸಿ, ಆಮೇಲೆ ಗೇಮಿನ ಲೋಡಿಂಗ್ ಪರದೆ. ಅಷ್ಟರಲ್ಲಿ ಬಂದವರಲ್ಲಿ ಎಷ್ಟೋ ಜನ ಹೋಗಿಯಾಗಿರುತ್ತದೆ. ಶೀರ್ಷಿಕೆಯಲ್ಲಿ ಕೊಟ್ಟ ಮಾತು ನಿಜ ಎಂದು ಮೊದಲ ಐದು ಸೆಕೆಂಡಿನಲ್ಲೇ ಕಾಣಬೇಕು. ಡೈಮಂಡಿನ ವಿಡಿಯೊ ಆದರೆ ಮೊದಲ ಶಾಟ್ ಗೋಡೆ ತುಂಬ ಡೈಮಂಡ್, ಮೇಲೆ ಧ್ವನಿ: ‘ಇದು ಮೈನಸ್ 59. ಇಲ್ಲಿಗೆ ಲಾವಾದಲ್ಲಿ ಬೀಳದೆ ಇಳಿಯೋದು ಹೇಗೆ, ಯಾವ ಮೂರು ತಪ್ಪಿಗೆ ಡೈಮಂಡ್ ಕೈತಪ್ಪುತ್ತೆ ನೋಡೋಣ.’ ಸಬ್‌ಸ್ಕ್ರೈಬ್ ಮಾತು ಉತ್ತರ ಕೊಟ್ಟ ಮೇಲೆ, ಒಂದೇ ಸಾಲಿನಲ್ಲಿ.

ಎಡಿಟಿಂಗಿನಲ್ಲಿ ಕತ್ತರಿಸಬೇಕಾದದ್ದು ನಡಿಗೆ, ಲೂಟ್ ಹುಡುಕಾಟ, ಲಾಬಿಯ ಕಾಯುವಿಕೆ. ನಲವತ್ತು ನಿಮಿಷದ ರೆಕಾರ್ಡಿಂಗಿನಲ್ಲಿ ಎಂಟು ನಿಮಿಷ ಉಳಿದರೆ ಸರಿ. ಎಂಟು ನಿಮಿಷ ದಾಟಿದರೆ ಮಧ್ಯೆ ಜಾಹೀರಾತು ಹಾಕಬಹುದು ಎಂಬ ಆಸೆಗೆ ಐದು ನಿಮಿಷದ ವಿಷಯವನ್ನು ಎಳೆಯುವುದು ದುಬಾರಿ ಬೀಳುತ್ತದೆ. ಪ್ರಕಟಿಸಿ ಒಂದು ವಾರದ ಮೇಲೆ, ಯಾವ ಕ್ಷಣಕ್ಕೆ ಎಷ್ಟು ಜನ ಉಳಿದರು ಎಂದು ತೋರಿಸುವ ರಿಟೆನ್ಷನ್ ಗ್ರಾಫ್ ತೆರೆಯಿರಿ. ಮೊದಲ 30 ಸೆಕೆಂಡಿನ ಕೊನೆಗೆ ಎಷ್ಟು ಶೇಕಡಾ ಉಳಿದಿದ್ದಾರೆ ಎಂದು ಅದು ಹೇಳುತ್ತದೆ. ಗೆರೆ ದಿಢೀರನೆ ಬಿದ್ದ ಜಾಗಕ್ಕೆ ಹೋಗಿ ಏನಾಗುತ್ತಿತ್ತು ಎಂದು ನೋಡಿ. ಹೆಚ್ಚಿನ ಸಲ ಅದು ‘ಅಂದಹಾಗೆ’ ಎಂದು ನೀವು ದಾರಿ ತಪ್ಪಿದ ಜಾಗ. ಗೆರೆ ಏರಿದ ಕಡೆ ಜನ ಹಿಂದೆ ಹೋಗಿ ಮತ್ತೆ ನೋಡಿದ್ದಾರೆ, ಅಲ್ಲಿ ಮಾಹಿತಿ ಬೇಗ ಓಡಿದೆ, ಇಲ್ಲವೇ ನಗು ಬಂದಿದೆ. ಹಾಗೆ ನಗಿಸಿದ ತುಣುಕೇ ಒಳ್ಳೆಯ ಶಾರ್ಟ್ ಆಗುತ್ತದೆ.

ಚಿತ್ರ ಮಸುಕಾದರೆ ಜನ ಸಹಿಸುತ್ತಾರೆ, ಧ್ವನಿ ಕೆಟ್ಟರೆ ಸಹಿಸುವುದಿಲ್ಲ. ಸಾವಿರ ರೂಪಾಯಿಯ ಆಸುಪಾಸಿನ ತಂತಿಯ ಕಾಲರ್ ಮೈಕ್ ಬಾಯಿಂದ ಒಂದು ಗೇಣು ದೂರದಲ್ಲಿದ್ದರೆ ಸಾಕು. ಬ್ಲೂಟೂತ್ ಇಯರ್‌ಬಡ್‌ನ ಮೈಕ್ ಬೇಡ: ಮೈಕ್ ಆನ್ ಆದ ಕೂಡಲೇ ಅದು ಫೋನ್ ಕರೆಯ ಗುಣಮಟ್ಟಕ್ಕೆ ಇಳಿಯುತ್ತದೆ, ಜೊತೆಗೆ ಧ್ವನಿ ತಡವಾಗುತ್ತದೆ. ಸೀಲಿಂಗ್ ಫ್ಯಾನ್ ನಿಲ್ಲಿಸಿ, ಕಿಟಕಿಗೆ ದಪ್ಪ ಬೆಡ್‌ಶೀಟ್ ಕಟ್ಟಿ. ಕಂಪ್ಯೂಟರಿನ ರೆಕಾರ್ಡಿಂಗ್ ತಂತ್ರಾಂಶ ಓಬಿಎಸ್‌ನಲ್ಲಿ ಮೈಕಿಗೆ ನಾಯ್ಸ್ ಸಪ್ರೆಷನ್, ಕಂಪ್ರೆಸರ್, ಲಿಮಿಟರ್ ಫಿಲ್ಟರ್‌ಗಳನ್ನು ಈ ಕ್ರಮದಲ್ಲಿ ಹಾಕಿ, ಮಾತಿನ ಏರು ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ಆಡುವಂತೆಯೂ ಗೇಮಿನ ಸದ್ದು ಮೈನಸ್ 25ರ ಸುತ್ತ ಇರುವಂತೆಯೂ ಇಡಿ. ಮೈಕ್ ಮತ್ತು ಗೇಮಿಗೆ ಬೇರೆಬೇರೆ ಆಡಿಯೊ ಟ್ರ್ಯಾಕ್ ಕೊಟ್ಟರೆ ಗುಂಡಿನ ಸದ್ದು ಮಾತನ್ನು ನುಂಗಿದರೂ ಎಡಿಟಿಂಗಿನಲ್ಲಿ ತಗ್ಗಿಸಬಹುದು. ರೆಕಾರ್ಡಿಂಗ್ ಎಂಕೆವಿ ರೂಪದಲ್ಲಿರಲಿ. ಸಾಧಾರಣ ಎಂಪಿ4 ಆದರೆ ನಡುವೆ ಕರೆಂಟ್ ಹೋದಾಗ ಇಡೀ ಫೈಲ್ ಹಾಳು, ಎಂಕೆವಿಯಲ್ಲಿ ಅಲ್ಲಿಯವರೆಗಿನದು ಉಳಿಯುತ್ತದೆ.

ಫೋನಿನಲ್ಲಿ ರೆಕಾರ್ಡ್ ಮಾಡುವವರಿಗೆ ಗೇಮಿನ ಒಳಗಿನ ಸದ್ದು ನೇರವಾಗಿ ಸಿಗುವುದು ಆಂಡ್ರಾಯ್ಡ್ 10ರಿಂದ ಈಚೆಗೆ. ಗೇಮಿನ ವಾಯ್ಸ್ ಚಾಟ್ ಆನ್ ಇದ್ದರೆ ಮೈಕನ್ನು ಅದೇ ಹಿಡಿದುಕೊಂಡು ರೆಕಾರ್ಡರಿಗೆ ಬರೀ ಮೌನ ಸಿಗುವುದುಂಟು, ಹಾಗಾಗಿ ಒಂದು ನಿಮಿಷದ ಪರೀಕ್ಷೆ ಮಾಡದೆ ಪಂದ್ಯ ಶುರು ಮಾಡಬೇಡಿ. ಎಡಿಟಿಂಗಿನಲ್ಲಿ ಧ್ವನಿ ಮೆಲ್ಲಗೆ ಹಿಂದೆ ಬೀಳುತ್ತಾ ಹೋದರೆ ಕಾರಣ ಫೋನಿನ ಏರಿಳಿಯುವ ಫ್ರೇಮ್‌ರೇಟ್; ಹ್ಯಾಂಡ್‌ಬ್ರೇಕ್‌ನಂಥ ತಂತ್ರಾಂಶದಲ್ಲಿ ಸ್ಥಿರ ಫ್ರೇಮ್‌ರೇಟಿಗೆ ಬದಲಿಸಿ ಆಮೇಲೆ ಕತ್ತರಿಸಿ.

ಲೈವ್ ಮತ್ತು ಶಾರ್ಟ್ಸ್

ಲೈವ್ ಹೊಸಬರನ್ನು ತರುವುದಕ್ಕಿಂತ ಬಂದವರನ್ನು ಉಳಿಸುವುದಕ್ಕೆ ಒಳ್ಳೆಯದು. ಸರಾಸರಿ ಹತ್ತು ಜನ ಎರಡು ಗಂಟೆ ಕೂತರೆ 20 ಗಂಟೆ; 3,000 ಗಂಟೆಗೆ ಅಂಥ 150 ಲೈವ್ ಬೇಕು. ಲೈವ್ ಮುಗಿದ ಮೇಲೆ ಅದನ್ನು ಸಾರ್ವಜನಿಕವಾಗಿಯೇ ಇಟ್ಟರೆ ಮಾತ್ರ ಆ ಗಂಟೆಗಳು ಉಳಿಯುತ್ತವೆ. ಫೋನಿನಿಂದ ಲೈವ್ ಮಾಡಲು 50 ಸಬ್‌ಸ್ಕ್ರೈಬರ್ ಬೇಕು, ಮೊದಲ ಸಲ ಅನುಮತಿ ತೆರೆಯಲು 24 ಗಂಟೆ ತಗಲಬಹುದು. 2025ರ ಜುಲೈ 22ರಿಂದ 16 ವರ್ಷದೊಳಗಿನವರು ಒಬ್ಬರೇ ಲೈವ್ ಮಾಡುವಂತಿಲ್ಲ. ಡೇಟಾ ಲೆಕ್ಕವನ್ನೂ ಮೊದಲೇ ಹಾಕಿ: 720ಪಿಯನ್ನು ಸೆಕೆಂಡಿಗೆ 60 ಫ್ರೇಮಿನಂತೆ 6 ಎಂಬಿಪಿಎಸ್‌ನಲ್ಲಿ ಎರಡು ಗಂಟೆ ಕಳಿಸಿದರೆ ಸುಮಾರು 5.4 ಜಿಬಿ. ದಿನಕ್ಕೆ 2 ಜಿಬಿ ಪ್ಯಾಕಿನಲ್ಲಿ ಇದು ಮುಕ್ಕಾಲು ಗಂಟೆಗೇ ನಿಲ್ಲುತ್ತದೆ. ಅಪ್‌ಲೋಡ್ ವೇಗ ಬಿಟ್‌ರೇಟಿನ (ಇಲ್ಲಿ ಆ 6 ಎಂಬಿಪಿಎಸ್) ಒಂದೂವರೆ ಪಟ್ಟಾದರೂ ಇರಲಿ, ಲೈವ್ ಸೆಟ್ಟಿಂಗಿನಲ್ಲಿ ಸಿಬಿಆರ್ (ಏರಿಳಿಯದ ಬಿಟ್‌ರೇಟ್) ಮತ್ತು 2 ಸೆಕೆಂಡಿನ ಕೀಫ್ರೇಮ್ ಇಡಿ.

ಶಾರ್ಟ್ಸ್ ಸಂಖ್ಯೆಯನ್ನು ಬೇಗ ಏರಿಸುತ್ತದೆ, ಆದರೆ ಹಾಗೆ ಬಂದವರೆಲ್ಲ ಹತ್ತು ನಿಮಿಷದ ವಿಡಿಯೊಗೆ ಬರುವುದಿಲ್ಲ. ಉದ್ದ ವಿಡಿಯೊದ್ದೇ ಒಂದು ತುಣುಕನ್ನು 1080×1920 ಅಳತೆಗೆ ಕತ್ತರಿಸಿ, ‘ರಿಲೇಟೆಡ್ ವಿಡಿಯೊ’ ಜಾಗದಲ್ಲಿ ಮೂಲವನ್ನು ಜೋಡಿಸಿ. 2023ರ ಆಗಸ್ಟ್ 31ರಿಂದ ಶಾರ್ಟ್ಸ್ ವಿವರಣೆ, ಕಾಮೆಂಟಿನಲ್ಲಿ ಹಾಕಿದ ಲಿಂಕ್ ಒತ್ತಲು ಬರುವುದಿಲ್ಲ, ‘ರಿಲೇಟೆಡ್ ವಿಡಿಯೊ’ ಒಂದೇ ಸೇತುವೆ. ಕೆಳಗೆ ಮತ್ತು ಬಲಬದಿಯಲ್ಲಿ ಯೂಟ್ಯೂಬಿನ ಬಟನ್‌ಗಳು ಕೂರುವುದರಿಂದ ಅಕ್ಷರಗಳು ನಡುವೆ ಇರಲಿ. ಶಾರ್ಟ್ಸ್ ಈಗ ಮೂರು ನಿಮಿಷದವರೆಗೆ ಇರಬಹುದು, ಆದರೆ ಒಂದು ನಿಮಿಷ ದಾಟಿದ್ದರಲ್ಲಿ ಸಿನಿಮಾ ಹಾಡಿಗೆ ಕಂಟೆಂಟ್ ಐಡಿ ಕ್ಲೇಮ್ (ಯೂಟ್ಯೂಬ್ ತಾನಾಗಿ ಪತ್ತೆಹಚ್ಚುವ ಹಕ್ಕುಸ್ವಾಮ್ಯದ ದಾವೆ) ಬಿದ್ದರೆ ಆ ಶಾರ್ಟ್ ಪೂರ್ತಿ ಬಂದ್. ಹಾಡಿನ ಕಾಟ ಗೇಮಿನ ಒಳಗಿಂದಲೂ ಬರುತ್ತದೆ: ಜಿಟಿಎ 5ರ ಕಾರಿನ ರೇಡಿಯೊದಲ್ಲಿರುವುದು ಪರವಾನಗಿ ಪಡೆದ ನಿಜವಾದ ಹಾಡುಗಳು. ರೆಕಾರ್ಡಿಂಗಿಗೆ ಮುನ್ನ ರೇಡಿಯೊ ಆಫ್ ಮಾಡಿಬಿಡಿ.

ಗಮನಕ್ಕೆ ಬಾರದೆ ಕೈಕೊಡುವ ಸೆಟ್ಟಿಂಗ್

ಅಪ್‌ಲೋಡ್ ಮಾಡುವಾಗ ‘ಇದು ಮಕ್ಕಳಿಗಾಗಿ ಮಾಡಿದ್ದೇ?’ ಎಂಬ ಪ್ರಶ್ನೆಗೆ, ಮಕ್ಕಳೂ ನೋಡುತ್ತಾರಲ್ಲ ಎಂದು ಹೌದು ಒತ್ತುವವರಿದ್ದಾರೆ. ಒತ್ತಿದೊಡನೆ ಕಾಮೆಂಟ್, ನೋಟಿಫಿಕೇಷನ್ ಬೆಲ್, ಎಂಡ್ ಸ್ಕ್ರೀನ್ ಎಲ್ಲ ಮುಚ್ಚುತ್ತವೆ. ಅದು ಮಕ್ಕಳನ್ನೇ ಉದ್ದೇಶಿಸಿದ ವಿಡಿಯೊಗಳಿಗೆ. ಎಲ್ಲ ವಯಸ್ಸಿನವರಿಗೆ ಮಾಡಿದ್ದಾದರೆ ಇಲ್ಲ ಎಂಬುದೇ ಸರಿ ಉತ್ತರ. ‘ಶೋ ಮೋರ್’ ಕೆಳಗೆ ಭಾಷೆ ಕನ್ನಡ, ವರ್ಗ ಗೇಮಿಂಗ್, ಅದರಡಿ ಗೇಮಿನ ಹೆಸರು ತುಂಬಿಸಿ. ಕೊನೆಯ 5ರಿಂದ 20 ಸೆಕೆಂಡಿನ ಎಂಡ್ ಸ್ಕ್ರೀನಿನಲ್ಲಿ ಒಂದೇ ಒಂದು ಮುಂದಿನ ವಿಡಿಯೊ ಇಟ್ಟು, ಬಾಯಲ್ಲೂ ಅದನ್ನೇ ಹೇಳಿ: ‘ಡೈಮಂಡ್ ಸಿಕ್ತು, ಇನ್ನು ಅದನ್ನ ಕಳ್ಕೊಳ್ಳದೆ ನೆದರ್‌ಗೆ ಹೋಗೋದು ಇಲ್ಲಿದೆ.’ ‘ಧನ್ಯವಾದ, ಮತ್ತೆ ಸಿಗೋಣ’ ಎಂದರೆ ಜನ ಆ ಮಾತಿಗೇ ಎದ್ದು ಹೋಗುತ್ತಾರೆ.

ನೀನು ನನಗೆ, ನಾನು ನಿನಗೆ ಎಂದು ಸಬ್‌ಸ್ಕ್ರೈಬ್ ಬದಲಾಯಿಸಿಕೊಳ್ಳುವುದು ಯೂಟ್ಯೂಬಿನ ನಕಲಿ ಎಂಗೇಜ್‌ಮೆಂಟ್ ನಿಯಮಕ್ಕೆ ವಿರುದ್ಧ. ನಿಯಮ ಪಕ್ಕಕ್ಕಿಟ್ಟರೂ ಅವರು ನಿಮ್ಮ ವಿಡಿಯೊ ನೋಡುವವರಲ್ಲ. ಅದರ ಬದಲು ನಿಮ್ಮಷ್ಟೇ ಗಾತ್ರದ, ಅದೇ ಗೇಮಿನ ಇನ್ನೊಂದು ಕನ್ನಡ ಚಾನೆಲ್ ಜೊತೆ ಒಂದು ಪಂದ್ಯ ಆಡಿದರೆ ಇಬ್ಬರಿಗೂ ನಿಜವಾದ ನೋಡುಗರು ಸಿಗುತ್ತಾರೆ.

ಸಬ್‌ಸ್ಕ್ರೈಬರ್‌ಗಳು ಸಾವಿರ ದಾಟುವ ಹೊತ್ತಿಗೆ ಇಮೇಲಿಗೆ ಸ್ಪಾನ್ಸರ್‌ಗಳು ಬರತೊಡಗುತ್ತಾರೆ. ಹಣ ಕಟ್ಟಿ ಆಡುವ ಆ್ಯಪ್‌ಗಳ ಪ್ರಚಾರ ಒಪ್ಪಿಕೊಳ್ಳಬೇಡಿ: 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯಲ್ಲಿ ಅಂಥ ಆಟಗಳ ಜಾಹೀರಾತಿಗೆ 2 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಇದೆ, ಪ್ರಚಾರ ಮಾಡಿದ ಚಾನೆಲ್ ಸಣ್ಣದು ಎಂಬ ರಿಯಾಯಿತಿ ಇಲ್ಲ. ಇನ್ನೊಂದು ಬಗೆಯ ಮೇಲ್ ‘ನಮ್ಮ ಹೊಸ ಗೇಮ್ ಆಡಿ ನೋಡಿ’ ಎಂದು ಪಾಸ್‌ವರ್ಡ್ ಹಾಕಿದ ಜಿಪ್ ಫೈಲ್ ಕಳಿಸುತ್ತದೆ. ಅದನ್ನು ತೆರೆದರೆ ಬ್ರೌಸರಿನ ಲಾಗಿನ್ ಕುಕಿಗಳು (ನೀವು ಲಾಗಿನ್ ಆಗಿದ್ದೀರಿ ಎಂದು ನೆನಪಿಡುವ ಫೈಲ್‌ಗಳು) ಕಳುವಾಗುತ್ತವೆ, ಎರಡು ಹಂತದ ದೃಢೀಕರಣ ಇದ್ದರೂ ಚಾನೆಲ್ ಬೇರೆಯವರ ಕೈ ಸೇರುತ್ತದೆ. ಗೇಮ್ ಕೊಡುವವರು ನಿಜವಾದವರಾದರೆ ಸ್ಟೀಮ್ ಕೀ (ಕಂಪ್ಯೂಟರ್ ಗೇಮ್‌ಗಳ ಆನ್‌ಲೈನ್ ಅಂಗಡಿಯ ಕೋಡ್) ಅಥವಾ ಪ್ಲೇ ಸ್ಟೋರ್ ಲಿಂಕ್ ಕೇಳಿದಾಗ ಕೊಡುತ್ತಾರೆ. ಕೊಡದಿದ್ದರೆ ಮೇಲ್ ಅಳಿಸಿ. ಒಪ್ಪಿದ ಪ್ರಚಾರಕ್ಕೆ ಅಪ್‌ಲೋಡ್ ಪುಟದಲ್ಲಿ ‘ಪೇಯ್ಡ್ ಪ್ರಮೋಷನ್’ ಗುರುತು ಹಾಕುವುದನ್ನು ಮರೆಯಬೇಡಿ.